ನದಿಯೇ ನೀರೆತ್ತಿದ ಕಾಲ

ನದಿ ದಂಡೆಯಲ್ಲಿ ತೋಟವಿದೆ ಎಂದ ಮಾತ್ರಕ್ಕೆ ತೋಟಕ್ಕೆ ನೀರಿದೆ ಎಂದು ಹೇಳುವಂತಿಲ್ಲ. ನೀರು ತಗ್ಗಿನಲ್ಲಿ ಹರಿಯುತ್ತದೆ, ಗಿಡ ದಿಬ್ಬದ ಮೇಲಿರುತ್ತದೆ. ನಡುವಿನ ಆ ಹತ್ತಿಪ್ಪತ್ತು ಅಡಿ ಎತ್ತರವನ್ನು ದಾಟಿಸಲು ಮನುಷ್ಯ ಶತಮಾನಗಳ ಕಾಲ ಹೆಣಗಿದ್ದಾನೆ. ನಮ್ಮಲ್ಲಿ ಏತಕ್ಕೆ ಮನುಷ್ಯನ ಮೈಬಲ ಬೇಕಿತ್ತು, ಕಪಿಲೆಗೆ ಎತ್ತುಗಳು ಬೇಕಿದ್ದವು. ಸಿರಿಯಾದ ಹಮಾ ಪಟ್ಟಣದವರಾದರೋ ಈ ದುಡಿಮೆಯನ್ನು ನದಿಗೇ ಒಪ್ಪಿಸಿದ್ದರು.

ಹಮಾ ಒರೊಂಟಿಸ್ ನದಿಯ ದಂಡೆಯಲ್ಲಿದೆ. ಅರಬರು ಈ ನದಿಯನ್ನು 'ಆಸೀ' ಎನ್ನುತ್ತಾರೆ; ಅಂದರೆ ಮಾತು ಕೇಳದ ದಂಗೆಕೋರ. ಉತ್ತರಕ್ಕೆ ಹರಿಯುವುದರಿಂದ ಈ ಹೆಸರು ಬಂತೆಂದು ಹಲವರು ಹೇಳುತ್ತಾರೆ. ಚಕ್ರದ ನೆರವಿಲ್ಲದೆ ದಂಡೆಯ ಹೊಲಕ್ಕೆ ಹನಿ ನೀರನ್ನೂ ಕೊಡದ ಕಾರಣಕ್ಕೆ ಎಂಬ ವಿವರಣೆಯೂ ಇದೆ.

ಈ ಚಕ್ರವೇ 'ನಾಊರಾ'. ತಿರುಗುವಾಗ ಮರದ ಅಚ್ಚು ನರಳಿದಂತೆ ಸದ್ದು ಮಾಡುತ್ತದೆ, ಹೆಸರು ಹುಟ್ಟಿದ್ದೂ ಆ ಸದ್ದಿನಿಂದಲೇ. ನದಿಯ ಸೆಳೆತ ಹಲಗೆಗಳನ್ನು ತಳ್ಳುತ್ತದೆ, ಅಂಚಿನ ಮರದ ಪೆಟ್ಟಿಗೆಗಳು ಕೆಳಗೆ ನೀರು ತುಂಬಿಕೊಂಡು ಮೇಲಿನ ಕಾಲುವೆಗೆ ಸುರಿಯುತ್ತವೆ. 1361ರಲ್ಲಿ ದೊಡ್ಡ ಮಸೀದಿಗೆ ನೀರೊದಗಿಸಲು ಕಟ್ಟಿದ 'ಮುಹಮ್ಮದಿಯ್ಯಾ' ಚಕ್ರದ ವ್ಯಾಸ ಸುಮಾರು 21 ಮೀಟರ್. ಇಬ್ನು ಬತೂತಾ 14ನೇ ಶತಮಾನದಲ್ಲಿ ಇಲ್ಲಿಗೆ ಬಂದಾಗ ಹಣ್ಣಿನ ತೋಟಗಳನ್ನೂ ಅವುಗಳಿಗೆ ನೀರುಣಿಸುವ ಚಕ್ರಗಳನ್ನೂ ಕಂಡು ಬರೆದಿಟ್ಟಿದ್ದಾನೆ.

ಇದು ಮುಸ್ಲಿಮರು ಕಂಡುಹಿಡಿದ ಯಂತ್ರವೆಂದು ನಾವು ಹೆಮ್ಮೆಪಟ್ಟರೆ ಇತಿಹಾಸಕ್ಕೆ ಅಪಚಾರವಾದೀತು. ಅದೇ ನದಿಯ ದಂಡೆಯ ಅಪಾಮಿಯಾದಲ್ಲಿ ಸಿಕ್ಕ ಕ್ರಿ.ಶ. 469ರ ಮೊಸಾಯಿಕ್ ಚಿತ್ರದಲ್ಲಿ ಈ ಚಕ್ರವಿದೆ. ಮುಸ್ಲಿಮರು ಅದನ್ನು ಬೆಳೆಸಿದರು, ಸ್ಪೇನಿನವರೆಗೆ ಹರಡಿದರು. ಸ್ಪ್ಯಾನಿಷ್ ಭಾಷೆಯ 'ನೋರಿಯಾ' ಎಂಬ ಪದ ಅದಕ್ಕೆ ಸಾಕ್ಷಿ.

ಅವರು ಅಲ್ಲಿಗೇ ನಿಲ್ಲಲಿಲ್ಲ. ದಿಯಾರ್‌ಬಕಿರ್‌ನ ಅರ್ತುಕಿ ದೊರೆಗಳ ಆಶ್ರಯದಲ್ಲಿದ್ದ ಅಲ್ ಜಝರಿ 1206ರಲ್ಲಿ ಮುಗಿಸಿದ ತನ್ನ ಗ್ರಂಥದಲ್ಲಿ ನೀರೆತ್ತುವ ಐದು ಯಂತ್ರಗಳನ್ನು ವಿವರಿಸಿದ್ದಾನೆ. ಐದನೆಯದು ಇಂದಿನ ಅರ್ಥದಲ್ಲೂ ಪಂಪೇ. ನದಿ ತಿರುಗಿಸುವ ಚಕ್ರ ಹಲ್ಲುಗಾಲಿಗಳ ಮೂಲಕ ಎದುರುಬದುರಾಗಿರುವ ಎರಡು ತಾಮ್ರದ ಸಿಲಿಂಡರ್‌ಗಳ ಪಿಸ್ಟನ್‌ಗಳನ್ನು ಆಡಿಸುತ್ತದೆ. ಒಂದು ನೀರನ್ನು ಹೀರುವಾಗ ಇನ್ನೊಂದು ಮೇಲಕ್ಕೆ ದೂಡುತ್ತದೆ. ಏರಿದ ನೀರು ಹಿಂದಕ್ಕೆ ಬರದಂತೆ ಒಂದೇ ಕಡೆಗೆ ತೆರೆಯುವ ಕವಾಟಗಳಿವೆ. 1551ರಲ್ಲಿ ತಕಿಯುದ್ದೀನ್ ಆರು ಸಿಲಿಂಡರ್‌ಗಳ ಪಂಪನ್ನು ವಿವರಿಸಿದ. ಅದನ್ನು ನಡೆಸುವುದೂ ನದಿಯೇ.

ಈ ಯಂತ್ರಗಳಿಗೆಲ್ಲ ಒಂದು ಮಿತಿಯಿತ್ತು. ಹರಿವು ಇಳಿದರೆ ಚಕ್ರ ನಿಧಾನವಾಗುತ್ತಿತ್ತು, ತೀರಾ ಬತ್ತಿದರೆ ನಿಂತೇ ಬಿಡುತ್ತಿತ್ತು. ರೈತನಿಗೆ ಅದು ಕಷ್ಟವೇ ಸರಿ. ಮರ ಕೊಳೆಯುತ್ತಿತ್ತು, ಬಡಗಿಗಳು ಮತ್ತೆ ಮತ್ತೆ ದುರಸ್ತಿ ಮಾಡಬೇಕಿತ್ತು. ಆದರೆ ನದಿಯನ್ನು ಬರಿದು ಮಾಡುವ ಶಕ್ತಿ ಆ ಚಕ್ರಕ್ಕಿರಲಿಲ್ಲ. ತಿರುಗಬೇಕಾದರೆ ನದಿ ಹರಿಯುತ್ತಲೇ ಇರಬೇಕಿತ್ತು. ಮೇಲಿನವನು ಎತ್ತಿದ ಮೇಲೂ ಕೆಳಗಿನವನ ಪಾಲು ಮುಂದಕ್ಕೆ ಸಾಗುತ್ತಿತ್ತು.

20ನೇ ಶತಮಾನದಲ್ಲಿ ಮೋಟಾರು ಪಂಪು ಬಂತು. ಚಕ್ರಗಳ ಕೆಲಸ ತಪ್ಪಿತು. ಶತಮಾನದ ಕೊನೆಗೆ ಹಮಾದಲ್ಲಿ ಹದಿನೇಳು ಮಾತ್ರ ಉಳಿದಿದ್ದವು, ಅವೂ ನೋಡಲು ಬರುವವರಿಗಾಗಿ. ಪಂಪಿನಿಂದ ರೈತನ ಬೆವರು ಉಳಿದಿದೆ, ಬಡವನ ತುಂಡು ಭೂಮಿಯೂ ಹಸಿರಾಗಿದೆ. ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾದೀತು. ಆದರೆ ಡೀಸೆಲ್ ಇರುವಷ್ಟು ಹೊತ್ತು ಓಡುವ ಈ ಯಂತ್ರಕ್ಕೆ ನದಿ ಹರಿಯಬೇಕೆಂಬ ಹಂಗಿಲ್ಲ. ಗುಂಡಿಯಲ್ಲಿ ನಿಂತ ಕೊನೆಯ ನೀರನ್ನೂ ಅದು ಹೀರಬಲ್ಲುದು.

ಹಾಗೆಂದು ನಾವು ಮತ್ತೆ ಮರದ ಚಕ್ರಕ್ಕೆ ಮರಳಬೇಕಿಲ್ಲ. ಅಂದು 'ಸಾಕು' ಎಂದು ಹೇಳುವ ಕೆಲಸವನ್ನು ಯಂತ್ರವೇ ಮಾಡುತ್ತಿತ್ತು. ಇಂದು ಆ ಹೊಣೆ ಸ್ವಿಚ್ಚಿನ ಮೇಲೆ ಕೈಯಿಟ್ಟವನದು. ಕೆಳದಂಡೆಯಲ್ಲೂ ಒಂದು ತೋಟವಿದೆಯೆಂಬುದು ಅವನಿಗೆ ನೆನಪಿರಬೇಕು.