ಫುಟ್‌ಪೆಗ್ ಬದಲಾವಣೆ (ಮೋಟಾರ್‌ಸೈಕಲ್)

ಸವಾರ ಕಾಲಿಡುವ ಮೂಲ ಫುಟ್‌ಪೆಗ್ ಬಿಚ್ಚಿ, ಬೇರೆ ತಯಾರಕರ ಅಗಲವಾದ ಅಥವಾ ತಗ್ಗಿಸಿದ ಪೆಗ್ ಕೂರಿಸುವ ಕೆಲಸ. ಕಚ್ಚಾ ದಾರಿಯಲ್ಲಿ ನಿಂತು ಓಡಿಸುವವರಿಗೆ ಹಲ್ಲುಳ್ಳ ಲೋಹದ ಪೆಗ್ ಇಷ್ಟ; ಕೆಸರು ಮೆತ್ತಿದ ಬೂಟು ಅದರ ಮೇಲೆ ಸುಲಭಕ್ಕೆ ಜಾರದು. ರಬ್ಬರ್ ಇಲ್ಲದ್ದರಿಂದ ಎಂಜಿನ್ನಿನ ನಡುಕ ಮಾತ್ರ ನೇರ ಅಂಗಾಲಿಗೇ ಬರುತ್ತದೆ. ಬಿಎಂಡಬ್ಲ್ಯು ಜಿಎಸ್ ಅಡ್ವೆಂಚರ್‌ನಂಥ ಬೈಕುಗಳಲ್ಲಿ ರಬ್ಬರ್ ಕಳಚಿದರೆ ಒಳಗೆ ಹಲ್ಲಿನ ಪೆಗ್ಗೇ ಇರುತ್ತದೆ. ದುಡ್ಡು ಸುರಿಯುವ ಮೊದಲು ಅದನ್ನು ನೋಡುವುದು ಮೇಲು.

ಪೆಗ್ಗನ್ನು ಬ್ರಾಕೆಟ್‌ಗೆ ಹಿಡಿದಿಡುವುದು ಒಂದು ಪಿನ್ನು, ಅದರ ತುದಿಯ ಸ್ಪ್ಲಿಟ್ ಪಿನ್. ತಾಳ್ಮೆ ಕೆಡಿಸುವುದು ಇವಲ್ಲ, ಪೆಗ್ಗನ್ನು ಕೆಳಕ್ಕೆ ಒತ್ತಿಡುವ ಸುರುಳಿ ಸ್ಪ್ರಿಂಗ್. ಅದರ ಎರಡು ತುದಿಗಳು ಎಲ್ಲೆಲ್ಲಿ ತಾಗಿವೆ ಎಂದು ಬಿಚ್ಚುವ ಮೊದಲೇ ಫೋಟೋ ತೆಗೆದಿಟ್ಟುಕೊಳ್ಳುವುದು ಜಾಣತನ. ಸ್ಪ್ರಿಂಗ್ ಒತ್ತಿಹಿಡಿದು, ತೂತುಗಳು ಸಾಲಿಗೆ ಬಂದಾಗ ಗ್ರೀಸ್ ಹಚ್ಚಿದ ಪಿನ್ನು ತೂರಿಸಿ, ಹೊಸ ಸ್ಪ್ಲಿಟ್ ಪಿನ್ ಹಾಕಿ ಅದರ ತುದಿ ಮಡಚಬೇಕು. ಕೂರಿಸಿದ ಪೆಗ್ ಮೇಲಕ್ಕೆ, ಹಿಂದಕ್ಕೆ ಮಡಚಿ ತಾನೇ ಮರಳಬೇಕು. ಮಡಚದೆ ಬಿಗಿದುಕೊಂಡ ಪೆಗ್ ತಿರುವಿನಲ್ಲಿ ನೆಲಕ್ಕೆ ತಾಗಿದರೆ ಚಕ್ರದ ಹಿಡಿತವೇ ತಪ್ಪಬಹುದು. ಪೆಗ್ಗಿನ ಎತ್ತರ ಬದಲಾದರೆ ಗೇರ್ ಲಿವರ್, ಬ್ರೇಕ್ ಪೆಡಲ್‌ಗಳನ್ನೂ ಹೊಂದಿಸಬೇಕು. ಪೆಡಲ್ ಮುಟ್ಟಿದ ಮೇಲೆ ಬ್ರೇಕ್ ಲೈಟ್ ಸರಿಯಾಗಿ ಉರಿದು ಆರುತ್ತಿದೆಯೇ ಎಂದೂ ನೋಡಬೇಕು.