ಫಗ್ವಾ

ದಕ್ಷಿಣ ಅಮೆರಿಕದ ಗಯಾನಾದಲ್ಲಿ ಹೋಳಿ ಹುಣ್ಣಿಮೆಗೆ ದೇಶಕ್ಕೆಲ್ಲ ರಜೆ. ಆದರೆ ಅಲ್ಲಿಯವರು ಆ ಹಬ್ಬವನ್ನು ಕರೆಯುವುದು ಫಗ್ವಾ ಎಂದು. ಪಕ್ಕದ ಸುರಿನಾಮ್‌ನಲ್ಲಿ ಎರಡೂ ಹೆಸರು ಕೂಡಿಸಿ ಹೋಳಿ-ಫಗ್ವಾ ಅನ್ನುತ್ತಾರೆ. ಟ್ರಿನಿಡಾಡ್‌ನಲ್ಲಿ ದೀಪಾವಳಿಗೆ ರಜೆ ಉಂಟು, ಫಗ್ವಾಕ್ಕಿಲ್ಲ. ಆದರೂ ಆ ದಿನಗಳಲ್ಲಿ ಮೈದಾನಗಳು ತುಂಬುತ್ತವೆ. ಸಿನಿಮಾ, ಜಾಹೀರಾತು, ಪತ್ರಿಕೆ ಎಲ್ಲವೂ ಹೋಳಿ ಎಂಬ ಒಂದೇ ಹೆಸರನ್ನು ಹಿಡಿದುಕೊಂಡಿರುವ ಈ ಹೊತ್ತಿನಲ್ಲಿ, ಭೋಜಪುರಿಯ ಒಂದು ಹಳ್ಳಿಮಾತು ಅಟ್ಲಾಂಟಿಕ್‌ನ ಆಚೆ ದಡದಲ್ಲಿ ಇಡೀ ದೇಶದ ರಜೆಯ ಹೆಸರಾಗಿ ಉಳಿದಿದೆ. ಈ ಪದದ ಮೇಲೆ ನನಗೆ ತುಂಬ ಅಕ್ಕರೆ.

ಅದರ ಬೇರು ನಮಗೆ ಹೊಸತೇನಲ್ಲ. ಫಾಲ್ಗುಣ ಮಾಸ ಉತ್ತರದ ಜನರ ಬಾಯಲ್ಲಿ ಸವೆದು ಫಾಗುನ್ ಆಯಿತು. ಫಾಗುನ್‌ನಲ್ಲಿ ಬರುವುದು ಫಗುವಾ. ಹುಣ್ಣಿಮೆಯ ಚಂದ್ರ ಯಾವ ನಕ್ಷತ್ರದ ಹತ್ತಿರ ಇರುತ್ತಾನೋ ಆ ನಕ್ಷತ್ರದ ಹೆಸರೇ ಚಾಂದ್ರಮಾನದ ತಿಂಗಳಿಗೆ. ಫಲ್ಗುಣಿ ನಕ್ಷತ್ರಗಳು ಎರಡು, ಪೂರ್ವ ಮತ್ತು ಉತ್ತರ. ಕನ್ನಡದ ರೈತ ಈ ಎರಡನ್ನೂ ಮಳೆಗಳಾಗಿ ಬಲ್ಲ. ಪೂರ್ವ ಫಲ್ಗುಣಿ ಪುಬ್ಬೆಯಾಗಿ ಹುಬ್ಬೆ ಮಳೆಯಾಯಿತು. ಉತ್ತರ ಫಲ್ಗುಣಿ ಉತ್ತರೆ ಮಳೆಯಾಯಿತು. ಸೂರ್ಯ ಆ ನಕ್ಷತ್ರಗಳಿಗೆ ಬರುವುದು ಆಗಸ್ಟ್ ಕೊನೆಯಿಂದ ಸೆಪ್ಟೆಂಬರ್ ತನಕ, ನಮ್ಮ ಮಳೆಗಾಲದಲ್ಲಿ. ಚಂದ್ರ ಅದೇ ನೆರೆಯಲ್ಲಿ ತುಂಬಿ ನಿಲ್ಲುವುದು ಮಾರ್ಚ್ ಹೊತ್ತಿಗೆ. ಹೆಸರಿನ ಮೊದಲ ಪದವನ್ನು ನಾವು ಇಟ್ಟುಕೊಂಡೆವು, ಕೊನೆಯ ಪದವನ್ನು ಭೋಜಪುರಿಯವರು ಇಟ್ಟುಕೊಂಡರು. ಅರ್ಜುನನಿಗೂ ಈ ನಕ್ಷತ್ರದಿಂದಲೇ ಒಂದು ಹೆಸರು ಬಂತು; ಕುಮಾರವ್ಯಾಸ ಅವನನ್ನು ಫಲುಗುಣ ಎಂದು ಕರೆಯುವಾಗ ಕೇಳಿಸುವುದು ಗಯಾನಾದ ಹಬ್ಬದ ಹೆಸರಿನ ಮೂಲಧಾತುವೇ.

ಭೋಜಪುರಿಯಲ್ಲಿ ಫಗುವಾ ಬರೀ ಹಬ್ಬವಲ್ಲ. ಫಗುವಾ ಆಡುತ್ತಾರೆ, ಫಗುವಾ ಹಾಡುತ್ತಾರೆ, ಫಗುವಾ ಕೊಡುತ್ತಾರೆ. ಬಣ್ಣದಾಟ, ಆ ತಿಂಗಳಲ್ಲಿ ಹಾಡುವ ಹಾಡು, ಹಬ್ಬದ ನೆಪದಲ್ಲಿ ಕೈಗಿಡುವ ಉಡುಗೊರೆ, ಮೂರಕ್ಕೂ ಅದೊಂದೇ ಮಾತು. ಈ ಪದದ ಒಡಹುಟ್ಟುಗಳು ಉತ್ತರ, ಪೂರ್ವ ದೇಶಗಳಲ್ಲೆಲ್ಲ ಇವೆ. ನೇಪಾಳದಲ್ಲಿ ಫಾಗು ಪೂರ್ಣಿಮಾ. ಹಬ್ಬಕ್ಕೆ ಒಂದು ವಾರ ಮುಂಚೆಯೇ ಕಾಠ್ಮಂಡುವಿನ ಬಸಂತಪುರದಲ್ಲಿ ಬಣ್ಣದ ಬಟ್ಟೆಯ ಪಟ್ಟಿ ಕಟ್ಟಿದ ಚೀರ್ ಎಂಬ ಬಿದಿರುಗಂಬ ನೆಡುತ್ತಾರೆ. ಅಸ್ಸಾಮಿನಲ್ಲಿ ಫಾಕುವಾ. ಒಡಿಯಾದಲ್ಲಿ ಫಗು ಎಂದರೆ ಎರಚುವ ಬಣ್ಣದ ಪುಡಿ.

ಈ ಪದ ಹಡಗು ಹತ್ತಿದ್ದು 19ನೇ ಶತಮಾನದಲ್ಲಿ. ಬ್ರಿಟಿಷ್ ವಸಾಹತುಗಳಲ್ಲಿ ಗುಲಾಮಗಿರಿ ಕೊನೆಗೊಂಡಾಗ ಕಬ್ಬಿನ ತೋಟಗಳಿಗೆ ಬೇರೆ ಆಳುಗಳು ಬೇಕಾದರು. 1838ರ ಮೇ 5ರಂದು ವಿಟ್‌ಬಿ, ಹೆಸ್ಪರಸ್ ಎಂಬ ಹಡಗುಗಳು ಮೊದಲ ಭಾರತೀಯ ಕೂಲಿಗಳನ್ನು ಗಯಾನಾಕ್ಕೆ ತಂದಿಳಿಸಿದವು. 1845ರಲ್ಲಿ ಟ್ರಿನಿಡಾಡ್, 1873ರಲ್ಲಿ ಡಚ್ಚರ ಸುರಿನಾಮ್, 1879ರಲ್ಲಿ ಫಿಜಿ. 1917ರಲ್ಲಿ ಈ ಸಾಗಣೆ ನಿಲ್ಲುವ ಹೊತ್ತಿಗೆ ಗಯಾನಾ ಒಂದಕ್ಕೇ ಸುಮಾರು 2,39,000 ಜನ ಹೋಗಿದ್ದರು. ಬಹುಪಾಲು ಜನ ಕಲ್ಕತ್ತಾ ಬಂದರಿನಿಂದ ಹೊರಟವರು. ಆರಾ, ಛಪ್ರಾ, ಬಲಿಯಾ, ಗಾಜಿಪುರ, ಬಸ್ತಿ ಸೀಮೆಗಳ ಹಳ್ಳಿಯವರು. ಅವರಿಗೆ ಫಾಗುನ್ ಎಂದರೆ ಚಳಿ ಮುರಿದು ಗೋಧಿ, ಬಾರ್ಲಿ ತೆನೆ ಬಲಿಯುವ ತಿಂಗಳು.

ಹೋಗಿ ಸೇರಿದ ನೆಲದಲ್ಲಿ ಆ ತಿಂಗಳೇ ಇರಲಿಲ್ಲ. ಟ್ರಿನಿಡಾಡ್‌ನಲ್ಲಿ ಆಗ ಮಾರ್ಚ್ ಎಂದರೆ ಒಣಹವೆ, ಕಬ್ಬು ಕಡಿಯುವ ಗಡಿಬಿಡಿ. ಫಿಜಿಯಲ್ಲಿ ಅದು ಜಡಿಮಳೆಯ, ಚಂಡಮಾರುತದ ಕಾಲ. ಚೈತ್ರ, ವೈಶಾಖ, ಜ್ಯೇಷ್ಠ ಎಲ್ಲವನ್ನೂ ದಿನನಿತ್ಯದ ಮಾತಿನಿಂದ ತೋಟದ ಲೆಕ್ಕದ ಜನವರಿ, ಫೆಬ್ರವರಿಗಳು ಹೊರದೂಡಿದವು. ಫಾಗುನ್ ಮಾತ್ರ ಹಬ್ಬದ ಹೆಸರಿನೊಳಗೆ ಸೇರಿಕೊಂಡು ಬದುಕಿತು. ಫಾಲ್ಗುಣ ಹುಣ್ಣಿಮೆ 2024ರಲ್ಲಿ ಮಾರ್ಚ್ 25ಕ್ಕೆ ಬಂದಿತ್ತು, 2025ರಲ್ಲಿ ಮಾರ್ಚ್ 14ಕ್ಕೆ. ಪ್ರತಿ ವರ್ಷ ಹೀಗೆ ಪಂಚಾಂಗ ನೋಡಿ ಗಯಾನಾ ಸರ್ಕಾರ ರಜೆ ಗೊತ್ತುಮಾಡುತ್ತದೆ. ಓದುಬರಹ ಬಾರದ ಕೂಲಿಗಳು ಕಾಲದ ಲೆಕ್ಕವನ್ನೇ ಹೊತ್ತೊಯ್ದು ಒಂದು ದೇಶದ ಕ್ಯಾಲೆಂಡರಿನಲ್ಲಿ ನಾಟಿದ್ದಾರೆ. ಅವರ ಬಗ್ಗೆ ಬರೆಯುವಾಗ ಕಷ್ಟ, ಕಣ್ಣೀರು ಎಲ್ಲವನ್ನೂ ಹೇಳುತ್ತೇವೆ, ಹೇಳಲೇಬೇಕು; ಈ ಸಾಧನೆಯನ್ನೂ ಅಷ್ಟೇ ಗಟ್ಟಿಯಾಗಿ ಹೇಳಬೇಕು ಎಂದು ನನ್ನ ಆಸೆ.

ಪದ ಉಳಿದದ್ದು ಹಾಡಿನಿಂದ. ಹಾಡಿಗೆ ಚೌತಾಲ್ ಎಂದು ಹೆಸರು. ಹಾಡುಗಾರರು ಎರಡು ಸಾಲಾಗಿ ಎದುರುಬದುರು ಕೂರುತ್ತಾರೆ, ನಡುವೆ ಢೋಲಕ್, ಕೈಗಳಲ್ಲಿ ಝಾಲ್ ಎಂಬ ಕಂಚಿನ ತಾಳ. ಒಂದು ಸಾಲಿನವರು ಹಾಡಿದ ಚರಣವನ್ನು ಇನ್ನೊಂದು ಸಾಲಿನವರು ತಿರುಗಿ ಹಾಡುತ್ತಾರೆ. ಹಾಡುತ್ತ ಹಾಡುತ್ತ ಲಯ ಏರುತ್ತದೆ. ಕೊನೆಕೊನೆಗೆ ಮಾತು ಕರಗಿ ಬರೀ ಕೂಗು, ತಾಳ, ಬೆವರು. ಆಮೇಲೆ ತಟ್ಟನೆ ನಿಧಾನಕ್ಕೆ ಇಳಿದು ಮುಂದಿನ ಚರಣ. ವಸಂತ ಪಂಚಮಿಗೆ ಶುರುವಾದರೆ ಹುಣ್ಣಿಮೆಯವರೆಗೆ, ಅಂದರೆ ಸರಿಸುಮಾರು ನಲವತ್ತು ದಿನ, ದೇವಸ್ಥಾನಗಳಲ್ಲಿ, ಮನೆಯಂಗಳಗಳಲ್ಲಿ ಇದು ನಡೆಯುತ್ತದೆ. ಅದೇ ಪಂಚಮಿಯಂದು ಪುರಾಣದ ರಾಕ್ಷಸಿ ಹೋಲಿಕಾಳ ಹೆಸರಿನಲ್ಲಿ ಔಡಲ ಗಿಡ ನೆಟ್ಟು, ಅದರ ಸುತ್ತ ಸೌದೆ ಒಟ್ಟಿ, ಹುಣ್ಣಿಮೆಗೆ ಸುಡುತ್ತಾರೆ. ಮಹಾರಾಷ್ಟ್ರದಲ್ಲೂ ಹೋಳಿಯ ನಡುವೆ ಔಡಲದ ಕೊಂಬೆಯೇ.

ಗಯಾನಾದಲ್ಲಿ, ಟ್ರಿನಿಡಾಡ್‌ನಲ್ಲಿ ಭೋಜಪುರಿ ಮನೆಮಾತಾಗಿ ಹೆಚ್ಚುಕಡಿಮೆ ಇಲ್ಲವಾಗಿದೆ. ಸುರಿನಾಮ್‌ನಲ್ಲಿ ಸರ್ನಾಮಿಯಾಗಿ, ಫಿಜಿಯಲ್ಲಿ ನೆರೆಯ ಮಾತುಗಳೊಂದಿಗೆ ಬೆರೆತು ಫಿಜಿ ಹಿಂದಿಯಾಗಿ ಅದರ ಸಂತಾನ ಬದುಕಿದೆ. ಆದರೆ ಭಾಷೆ ಹೋದ ಕಡೆಯೂ ಚೌತಾಲ್ ಹೋಗಲಿಲ್ಲ. ಹುಡುಗ ಹುಡುಗಿಯರು ರೋಮನ್ ಅಕ್ಷರದಲ್ಲಿ ಬರೆದುಕೊಂಡ ಸಾಲುಗಳನ್ನು ಕಂಠಪಾಠ ಮಾಡಿ ಹಾಡುತ್ತಾರೆ. ಅರ್ಥ ತಿಳಿಯದ ಹಾಡು ಯಾಂತ್ರಿಕ ಎನ್ನುವವರುಂಟು. ನಾನು ಒಪ್ಪಲಾರೆ. ಎದುರು ಸಾಲಿನವನ ಉಸಿರಿಗೆ ತನ್ನ ಉಸಿರು ಕೂಡಿಸಿ ಲಯ ಏರಿಸುವವನಿಗೆ ಆ ಹಾಡು ಗೊತ್ತಿದೆ.

ಟ್ರಿನಿಡಾಡ್‌ನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಬಣ್ಣದ ನೀರಿಗೆ ಅವರು ಅಬೀರ್ ಎನ್ನುತ್ತಾರೆ, ಎರಚುವ ಕೊಳವೆಗೆ ಪಿಚಕಾರಿ. ಅಲ್ಲಿನ ಹಿಂದೂ ಪ್ರಚಾರ ಕೇಂದ್ರ ಫಗ್ವಾ ಹೊತ್ತಿನಲ್ಲಿ ಹೊಸ ಹಾಡುಗಳ ಸ್ಪರ್ಧೆ ಶುರುಮಾಡಿ ಅದಕ್ಕೂ ಪಿಚಕಾರಿ ಎಂದೇ ಹೆಸರಿಟ್ಟಿತು. ಇಂಗ್ಲಿಷಿನ ನಡುವೆ ಹಿಂದಿ, ಭೋಜಪುರಿ ಪದಗಳು. ವಸ್ತು ರಾಜಕೀಯ, ಸಮಾಜ, ತಮ್ಮವರ ಮೇಲಾದ ಅನ್ಯಾಯ. ನೀರು ಎರಚುವ ಸಾಧನ ಮಾತು ಎರಚುವ ಹಾಡಿನ ಪ್ರಕಾರವಾಯಿತು. ಭಾರತದಲ್ಲಿ ಈ ಪದಕ್ಕೆ ಇಂಥ ಬಡ್ತಿ ಸಿಗಲಿಲ್ಲ.

ಫಗ್ವಾ ಎರಡನೇ ಸಲವೂ ವಲಸೆ ಹೋಯಿತು. 1975ರಲ್ಲಿ ಸುರಿನಾಮ್ ಸ್ವತಂತ್ರವಾಗುವ ಆಸುಪಾಸಿನಲ್ಲಿ ಸಾವಿರಾರು ಹಿಂದೂಗಳು ನೆದರ್‌ಲ್ಯಾಂಡ್ಸ್‌ಗೆ ಹೊರಟರು. ಈಗ ಮಾರ್ಚ್ ಚಳಿಯಲ್ಲಿ ಹೇಗ್ ನಗರದ ಬೀದಿಗಳಲ್ಲಿ ಬಣ್ಣದ ಮೆರವಣಿಗೆ ಹೊರಡುತ್ತದೆ. ಗಯಾನಾದವರು ಸೇರಿದ್ದು ನ್ಯೂಯಾರ್ಕಿನ ಕ್ವೀನ್ಸ್‌ನ ರಿಚ್ಮಂಡ್ ಹಿಲ್ ಬಡಾವಣೆಗೆ. ಅಲ್ಲಿನ ಲಿಬರ್ಟಿ ಅವೆನ್ಯೂದಲ್ಲಿ ಹತ್ತಾರು ವರ್ಷಗಳಿಂದ ನಡೆದು ಬಂದಿರುವುದು ಫಗ್ವಾ ಮೆರವಣಿಗೆ. ಅದೇ ಊರಿನಲ್ಲಿ ಭಾರತದಿಂದ ನೇರ ಬಂದವರು ಹೋಳಿ ಆಡುತ್ತಾರೆ. ಒಂದೇ ಹುಣ್ಣಿಮೆ, ಎರಡು ಹೆಸರು. ಸಂಖ್ಯೆ, ಸಿನಿಮಾ, ಮಾರುಕಟ್ಟೆ ಮೂರೂ ಹೋಳಿಯ ಕಡೆಗಿರುವುದರಿಂದ ಫಗ್ವಾ ಹೆಸರಿನ ಬಗ್ಗೆ ನನಗೆ ದಿಗಿಲು. ಹೋಳಿ ಎಂಬ ಹೆಸರೂ ಹಳೆಯದೇ, ಅದರಲ್ಲಿ ಹೋಲಿಕಾಳ ಬೆಂಕಿಯಿದೆ. ಆದರೆ ತಿಂಗಳು, ಹಾಡು, ಉಡುಗೊರೆ ಇರುವುದು ಫಗ್ವಾದಲ್ಲಿ.

ಈ ದಿಗಿಲು ನಮ್ಮ ಮನೆಯದೂ ಹೌದು. ಕರ್ನಾಟಕದಲ್ಲಿ ಈ ಹುಣ್ಣಿಮೆ ಕಾಮನ ಹುಣ್ಣಿಮೆ. ಇಲ್ಲಿ ಸುಡುವುದು ಹೋಲಿಕಾಳನ್ನಲ್ಲ, ಕಾಮಣ್ಣನನ್ನು. ಎರಚುವುದು ಓಕುಳಿ, ಅರಿಸಿನಕ್ಕೆ ಸುಣ್ಣ ಬೆರೆಸಿದರೆ ಕೆಂಪೇರುವ ಆ ನೀರಿನ ಹೆಸರು. ಬಾಗಲಕೋಟೆಯಲ್ಲಿ ಹಬ್ಬ ಎಂದರೆ ಹಲಗೆಯ ಸದ್ದು. ಉಡುಪಿ ಕಡೆಯ ಕುಡುಬಿಯರು ಗೋವೆಯಿಂದ ವಲಸೆ ಬಂದವರು. ಮಣ್ಣಿನ ಗುಮಟೆ ಬಾರಿಸುತ್ತ ಮನೆಮನೆಗೆ ಹೋಗಿ ಹಾಡಿ ಕುಣಿಯುತ್ತಾರೆ. ಚೌತಾಲ್ ಹಾಡುವವರ ಹಾಗೆ ಇವರೂ ಊರು ಬಿಟ್ಟರೂ ಹಾಡು ಬಿಡದವರು. ಬೆಂಗಳೂರಿನ ಬಡಾವಣೆಗಳ ಆಹ್ವಾನಪತ್ರಗಳಲ್ಲಿ ಕಾಮನೂ ಇಲ್ಲ, ಓಕುಳಿಯೂ ಇಲ್ಲ, ಹೋಳಿಯೊಂದೇ ಇದೆ. ಸುರಿನಾಮ್‌ನವರು ಎರಡು ಹೆಸರನ್ನೂ ಜೋಡಿಸಿ ಬರೆಯುವ ಹಾಗೆ ನಾವೂ ಹೋಳಿಯ ಪಕ್ಕದಲ್ಲಿ ಕಾಮನ ಹುಣ್ಣಿಮೆ ಎಂದು ಬರೆಯಬಹುದು, ಮಕ್ಕಳೆದುರು ಓಕುಳಿ ಎಂದು ಬಾಯಿತುಂಬ ಹೇಳಬಹುದು. ಬರುವ ಫಾಲ್ಗುಣಕ್ಕೇ ಶುರುಮಾಡಬಹುದು.