ಬೆಟ್ಟದ ಎರಡು ಮಗ್ಗುಲ ನೀರು

ನನ್ನ ತವರು ತರೀಕೆರೆ, ಸೇರಿದ ಮನೆ ಕಡೂರು. ರೈಲಿನಲ್ಲಿ ಕುಳಿತರೆ ಒಂದು ಗಂಟೆಯೊಳಗಿನ ದಾರಿ. ಆದರೆ ಮಳೆಗಾಲದ ಮಾತಿಗೆ ಬಂದರೆ ಎರಡೂ ಬೇರೆ ಬೇರೆ ಲೋಕ. ತವರಿಗೆ ಫೋನು ಮಾಡಿದರೆ ಅಮ್ಮ ನನ್ನ ಯೋಗಕ್ಷೇಮ ಕೇಳುವ ಮೊದಲು ಲಕ್ಕವಳ್ಳಿ ಅಣೆಕಟ್ಟಿನ ಮಟ್ಟ ಹೇಳುತ್ತಿದ್ದಳು. "ನೂರ ಎಪ್ಪತ್ತೆರಡು ಅಡಿ ಆಯ್ತಂತೆ ಕಣೇ." 186 ಅಡಿಗೆ ಭದ್ರಾ ಜಲಾಶಯ ತುಂಬುತ್ತದೆಂಬುದು ನಮ್ಮ ಕಡೆ ಮಕ್ಕಳಿಗೂ ಮಗ್ಗಿಯ ಜೊತೆಗೇ ಬಾಯಿಪಾಠ. ನಮ್ಮತ್ತೆಗೆ ಈ ಅಡಿಗಳ ಲೆಕ್ಕ ಬೇಡ. ಅವರದು ಒಂದೇ ಪ್ರಶ್ನೆ: "ಮದಗದ ಕೆರೆ ಕೋಡಿ ಬಿತ್ತೇ?"

ಎಲ್ಲಕ್ಕೂ ಕಾರಣ ನಡುವೆ ನಿಂತ ಬಾಬಾಬುಡನ್‌ಗಿರಿಯ ಸಾಲು. ಅದರ ನೆತ್ತಿಗೆ ಬಿದ್ದ ಮಳೆ ಪಡುವಣಕ್ಕೆ ಜಾರಿದರೆ ಭದ್ರೆಯ ಪಾಲು, ಮೂಡಣಕ್ಕೆ ಜಾರಿದರೆ ವೇದಾವತಿಯ ಪಾಲು. ಮೂಡಣದ ನೀರು ಸಖರಾಯಪಟ್ಟಣದ ಅಯ್ಯನಕೆರೆಯಲ್ಲಿ, ಎಮ್ಮೆದೊಡ್ಡಿಯ ಮದಗದ ಕೆರೆಯಲ್ಲಿ ತಂಗಿ, ವೇದಾ ಮತ್ತು ಅವತಿ ಎಂಬ ಎರಡು ಹೊಳೆಗಳಾಗಿ ಹೊರಟು, ಕಡೂರು ಸೀಮೆಯಲ್ಲಿ ಕೂಡಿ, ಹಿರಿಯೂರಿನ ವಾಣಿವಿಲಾಸ ಸಾಗರ ಸೇರುತ್ತದೆ. ಅಲ್ಲಿಂದ ಮುಂದೆ ಹಗರಿ ಎನಿಸಿಕೊಂಡು ತುಂಗಭದ್ರೆಗೆ ಹೋಗುತ್ತದೆ. ಭದ್ರೆಯಾದರೋ ಕೂಡಲಿಯಲ್ಲಿ ತುಂಗೆಯ ಕೈ ಹಿಡಿದು ಮೊದಲೇ ತುಂಗಭದ್ರೆಯಾಗಿರುತ್ತಾಳೆ. ಒಂದೇ ತವರಿನಿಂದ ದಿಕ್ಕಿಗೊಬ್ಬರಂತೆ ಹೊರಟ ಅಕ್ಕತಂಗಿಯರು ಬಳ್ಳಾರಿ ಸೀಮೆಯಲ್ಲಿ ಮುಖ ನೋಡಿಕೊಂಡ ಹಾಗೆ.

ತಂಗಿಯನ್ನು ಕಾಯ್ದವರು ಹಳೆಯ ಕಾಲದ ಕೆರೆ ಕಟ್ಟಿದವರು. ಮದಗದ ಕೆರೆಯ ಹಾಡು ಗೊತ್ತಿಲ್ಲದವರು ಕನ್ನಡನಾಡಿನಲ್ಲಿ ಯಾರಿದ್ದಾರೆ? (ಹಾವೇರಿ ಕಡೆಯವರು ಆ ಹಾಡು ತಮ್ಮ ಮಾಸೂರಿನ ಮದಗದ್ದು ಎನ್ನುತ್ತಾರೆ. ನಾನು ಕಡೂರಿನ ಸೊಸೆ, ಒಪ್ಪಲಾರೆ.) ಕೆರೆಯ ಜೊತೆಗೆ ಹೆಣ್ಣೊಬ್ಬಳ ಹೆಸರನ್ನು ಕಟ್ಟಿ, ಅವಳನ್ನು ದೇವಿ ಮಾಡಿ, ಏರಿಯ ಮೇಲೆ ಕೈ ಮುಗಿಯುತ್ತ ಬಂದಿದ್ದೇವೆ. ಹೆಣ್ಣೇ ಏಕೆ ಎಂದು ಕೇಳಬೇಕೆನ್ನಿಸುತ್ತದೆ, ಆದರೆ ಅದು ಇನ್ನೊಂದು ಪ್ರಬಂಧಕ್ಕಾಗುವಷ್ಟು ಮಾತು. ಕೆರೆಗಳಾಚೆ ವೇದಾವತಿಗೆ ನೀರು ಕೊಡುವ ಬಯಲಿನಲ್ಲಿ ಅಮೃತಮಹಲ್ ಕಾವಲುಗಳಿದ್ದವು. ಅಜ್ಜಂಪುರದಲ್ಲಿ 1929ರಿಂದ ಆ ತಳಿಯ ಕೇಂದ್ರವಿದೆ. ದನ ಮೇಯಲೆಂದು ಬಿಟ್ಟ ಹುಲ್ಲುಗಾವಲು ಮಳೆಯನ್ನೂ ಹಿಡಿದಿಡುತ್ತಿತ್ತು. ಎಷ್ಟೋ ಕಾವಲುಗಳು ಹೋದವು. ಕಡೂರು ತಾಲ್ಲೂಕಿನ ಬಾಸೂರು ಕಾವಲು ಮಾತ್ರ 2011ರಲ್ಲಿ ಕೃಷ್ಣಮೃಗಗಳ ಪುಣ್ಯದಿಂದ ಸಂರಕ್ಷಿತ ಪ್ರದೇಶವಾಗಿ ಉಳಿದುಕೊಂಡಿತು.

ಅಕ್ಕನ ಕಥೆ ಹೀಗಲ್ಲ. ಅವಳಿಗಾಗಿ ಜನ ಬೀದಿಗಿಳಿಯಬೇಕಾಯಿತು, ದೆಹಲಿಯ ನ್ಯಾಯಾಲಯದವರೆಗೂ ಹೋಗಬೇಕಾಯಿತು.

ಭದ್ರೆ ಹುಟ್ಟುವುದು ಕುದುರೆಮುಖದ ಕಾಡಿನ ಗಂಗಾಮೂಲದಲ್ಲಿ, ತುಂಗೆಯ ಮಗ್ಗುಲಲ್ಲೇ. ಆ ಬೆಟ್ಟಗಳಲ್ಲಿ ಕಬ್ಬಿಣದ ಅದಿರಿತ್ತು. 1969ರಲ್ಲಿ ಮೂವತ್ತು ವರ್ಷದ ಗಣಿ ಗುತ್ತಿಗೆ ಆಯಿತು. 1976ರಲ್ಲಿ ಕೇಂದ್ರ ಸರ್ಕಾರದ ಕುದುರೆಮುಖ ಕಬ್ಬಿಣ ಅದಿರು ಕಂಪನಿ ಸ್ಥಾಪನೆಯಾಯಿತು. ಇರಾನಿನ ಷಾ ಹಣ ಕೊಡುತ್ತೇನೆ, ಅದಿರೂ ತನಗೇ ಬೇಕೆಂದಿದ್ದ. 1979ರಲ್ಲಿ ಅಲ್ಲಿ ಕ್ರಾಂತಿಯಾಗಿ ಅವನ ಸಿಂಹಾಸನವೇ ಹೋಯಿತು. ಗಣಿ ಮಾತ್ರ ನಿಲ್ಲಲಿಲ್ಲ. ಅದಿರು ಕಡಿಮೆ ದರ್ಜೆಯದು. ಅದನ್ನು ಹಿಟ್ಟಿನಂತೆ ಅರೆದು, ನೀರಿನಲ್ಲಿ ಕಲಸಿ, 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟದ ಕೆಳಗೆ ಮಂಗಳೂರಿಗೆ ಹರಿಸುತ್ತಿದ್ದರು. ಉಳಿದ ಕೆಸರನ್ನು ಹಿಡಿದಿಡಲು ಭದ್ರೆಯ ಉಪಹೊಳೆಯಾದ ಲಕ್ಯಾ ಹೊಳೆಗೆ ಅಡ್ಡವಾಗಿ ಒಂದು ಅಣೆಕಟ್ಟು.

ಎಂಬತ್ತರ ದಶಕದಲ್ಲಿ ಶಾಲೆಯಿಂದ ನಮ್ಮನ್ನು ಅಲ್ಲಿಗೆ ಪ್ರವಾಸ ಕರೆದೊಯ್ದಿದ್ದರು. ಮನೆಯಷ್ಟು ಎತ್ತರದ ಲಾರಿಗಳನ್ನು ನೋಡಿ ಚಪ್ಪಾಳೆ ತಟ್ಟಿದ್ದೆವು. ಬೆಟ್ಟವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದಿದ್ದರು. ಮಳೆ ಜಿನುಗುತ್ತಿತ್ತು, ಕೆಂಪು ನೀರು ಮೆಟ್ಟಿಲಿಳಿದು ಹರಿಯುತ್ತಿತ್ತು. ಆ ನೀರು ನಮ್ಮೂರ ಕಡೆಗೇ ಬರುತ್ತಿದೆ ಎಂದು ನಮ್ಮಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಬುತ್ತಿ ಬಿಚ್ಚಿ ಚಿತ್ರಾನ್ನ ತಿಂದು ಬಂದೆವು.

1987ರಲ್ಲಿ ಸುತ್ತಲಿನ ಕಾಡು ರಾಷ್ಟ್ರೀಯ ಉದ್ಯಾನವಾಯಿತು, ಮಧ್ಯದಲ್ಲಿ ಗಣಿ ಹಾಗೇ ಉಳಿಯಿತು. ವರ್ಷಕ್ಕೆ ಆರೇಳು ಸಾವಿರ ಮಿಲಿಮೀಟರ್ ಮಳೆ ಸುರಿಯುವ ಜಾಗ. ಕಡಿದ ಬೆಟ್ಟದ ಮೇಲೆ ಅಷ್ಟು ಮಳೆ ಹೊಡೆದರೆ ಮಣ್ಣು ಎಲ್ಲಿಗೆ ಹೋಗಬೇಕು? ನಮ್ಮ ಅಣೆಕಟ್ಟಿಗೇ. 1999ರಲ್ಲಿ ಗುತ್ತಿಗೆ ಮುಗಿದಾಗ ಕಂಪನಿ ಇನ್ನೂ ಇಪ್ಪತ್ತು ವರ್ಷ ಕೇಳಿತು. ಗಂಗಡಿಕಲ್ಲಿನಂಥ ಹೊಸ ಬೆಟ್ಟಗಳ ಮಾತೂ ಬಂತು. ಆಗ ಎದ್ದವರು ಮಲೆನಾಡಿನ ಜನ. ಶೃಂಗೇರಿ, ಕೊಪ್ಪ, ಚಿಕ್ಕಮಗಳೂರಿನ ಕಡೆ ಸಭೆ, ಜಾಥಾಗಳಾದವು. ತುಂಗೆಯ ಮೂಲ ಉಳಿಸಿ ಎಂಬ ಕೂಗೆದ್ದಿತು. ನಾಗರಹೊಳೆಯಲ್ಲಿ ರೇಂಜರ್ ಆಗಿದ್ದ ಕೆ.ಎಂ. ಚಿಣ್ಣಪ್ಪನವರು ವೈಲ್ಡ್‌ಲೈಫ್ ಫಸ್ಟ್ ಸಂಸ್ಥೆಯ ಪರವಾಗಿ ಸುಪ್ರೀಂ ಕೋರ್ಟಿಗೆ ಹೋದರು. ವಿಜ್ಞಾನಿಗಳು ಹೊಳೆಯ ನೀರನ್ನು ಸೀಸೆಗಳಲ್ಲಿ ಹಿಡಿದು ಹೂಳನ್ನು ತೂಗಿದರು. 2002ರ ಅಕ್ಟೋಬರ್ 30ರಂದು ತೀರ್ಪು ಬಂತು: 2005 ಮುಗಿಯುವುದರೊಳಗೆ ಗಣಿ ನಿಲ್ಲಬೇಕು. 2005ರ ಡಿಸೆಂಬರ್ 31ರಂದು ನಿಂತಿತು.

ಆ ದಿನಗಳಲ್ಲಿ ನಾವೇನು ಮಾಡುತ್ತಿದ್ದೆವು? ತರೀಕೆರೆಯಲ್ಲಿ ಎಂದಿನಂತೆ ನಾಲೆಗೆ ನೀರು ಬಿಡುವ ದಿನ ಎಣಿಸುತ್ತಿದ್ದೆವು. ನಾಲೆ ಒಂದು ವಾರ ತಡವಾದರೆ ಕಚೇರಿಯ ಮುಂದೆ ಕೂರುವ ನಮ್ಮ ಕಡೆಯವರು ನದಿಯ ಬುಡಕ್ಕೇ ಕುತ್ತು ಬಂದಾಗ ಪೇಪರು ಓದಿ ಮಡಿಸಿಟ್ಟರು. ನಾನೂ ಮಡಿಸಿಟ್ಟವಳೇ.

ಬೆಲೆ ತೆತ್ತವರು ಬೇರೆ. ಕುದುರೆಮುಖದ ಊರಲ್ಲಿ ಇಪ್ಪತ್ತು ವರ್ಷ ಸಂಸಾರ ಮಾಡಿದ ಹೆಣ್ಣುಮಗಳೊಬ್ಬಳು ಮದುವೆ ಮನೆಯಲ್ಲಿ ಸಿಕ್ಕಿದ್ದಳು. "ಶಾಲೆ, ಆಸ್ಪತ್ರೆ, ಪಕ್ಕದ ಮನೆ ಎಲ್ಲ ಖಾಲಿಯಾಯ್ತು. ನೀವು ನದಿ ಉಳೀತು ಅಂತೀರಿ, ನನಗೆ ನನ್ನ ಅಂಗಳದ ದಾಸವಾಳ ನೆನಪಾಗುತ್ತೆ" ಎಂದಳು. ನನಗೆ ಉತ್ತರ ತೋಚಲಿಲ್ಲ. ಉದ್ಯಾನದೊಳಗಿನ ಮಲೆಕುಡಿಯರಿಗೆ, ಸಣ್ಣ ರೈತರಿಗೆ ಒಕ್ಕಲೆಬ್ಬಿಸುವ ಹೆದರಿಕೆ ಗಣಿಗಿಂತ ದೊಡ್ಡದಾಗಿತ್ತು. ಇತ್ತ ಭದ್ರಾ ಅಭಯಾರಣ್ಯದೊಳಗಿನ ನಾನೂರಕ್ಕೂ ಹೆಚ್ಚು ಕುಟುಂಬಗಳು 2001-02ರಲ್ಲಿ ಹೊರಬಂದವು. ಬಹಳ ಮಂದಿ ನಮ್ಮ ತರೀಕೆರೆ ತಾಲ್ಲೂಕಿನ ಎಂ.ಸಿ. ಹಳ್ಳಿಯಲ್ಲಿ ನೆಲೆಸಿದರು. ಹೊಲ, ಮನೆ ಸಿಕ್ಕಿತು ನಿಜ. ಆದರೂ ಊರು ಬಿಡುವುದೇನೆಂದು ಮದುವೆಯಾಗಿ ಬಂದ ನಮಗೆ ಯಾರೂ ಹೇಳಿಕೊಡಬೇಕಿಲ್ಲ.

ಈಗ ಅಕ್ಕತಂಗಿಯರ ನಡುವೆ ಸುರಂಗವೊಂದು ಬಂದಿದೆ. ಭದ್ರಾ ಮೇಲ್ದಂಡೆ ಯೋಜನೆಯಲ್ಲಿ ಲಕ್ಕವಳ್ಳಿಯ ನೀರನ್ನು ಪಂಪುಗಳಿಂದ ಎತ್ತಿ, ಅಜ್ಜಂಪುರದ ಬಳಿ ಏಳು ಕಿಲೋಮೀಟರಿನಷ್ಟು ಉದ್ದದ ಸುರಂಗದಲ್ಲಿ ಗುಡ್ಡ ದಾಟಿಸುತ್ತಾರೆ. 2019ರಲ್ಲಿ ಭದ್ರೆಯ ನೀರು ಹೀಗೆ ಮೂಡಣಕ್ಕಿಳಿದು, ಹಳ್ಳ ಹಿಡಿದು, ವೇದಾವತಿಗೆ ಸೇರಿತು. 2022ರ ಸೆಪ್ಟೆಂಬರಿನಲ್ಲಿ, ಮಳೆಯೂ ಕೈಗೂಡಿ, ವಾಣಿವಿಲಾಸ ಸಾಗರ 1933ರ ನಂತರ ಮೊದಲ ಬಾರಿಗೆ ಕೋಡಿ ಬಿತ್ತು. ತರೀಕೆರೆಯಲ್ಲಿ ನನ್ನ ತಮ್ಮ "ನಮ್ಮ ನೀರು ಕೊಂಡೊಯ್ದರು" ಎಂದು ಗೊಣಗಿದ. ಗಂಗಾಮೂಲದವರು ಅಂದು ಹಾಗೆಯೇ ಗೊಣಗಿ ಸುಮ್ಮನಿದ್ದಿದ್ದರೆ ನಿನ್ನ ನೀರು ಎಲ್ಲಿರುತ್ತಿತ್ತು ಎಂದೆ. ಎರಡು ದಿನ ಮಾತು ಬಿಟ್ಟಿದ್ದ.

ಕಡೂರಿನ ನಲ್ಲಿಗಳಿಗೂ ಈಗ ಭದ್ರೆ ಬಂದಿದ್ದಾಳೆ. ಅಮ್ಮ ಇಲ್ಲ, ಮಟ್ಟ ಹೇಳುವ ಫೋನೂ ಇಲ್ಲ. ಮೊನ್ನೆ ಆಷಾಢದ ಜಡಿಮಳೆಯಲ್ಲಿ ಕಿಟಕಿಯ ಬಳಿ ಕುಳಿತಿದ್ದ ಅತ್ತೆ ಮದಗದ ಕೆರೆಯ ಸುದ್ದಿ ಕೇಳಿದರು, ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಮತ್ತೆ ಕೇಳಿದರು: "ಲಕ್ಕವಳ್ಳಿಯದು ಎಷ್ಟಾಯ್ತಂತೆ?"